ಟಿಬೋರ್ ರೂಬಿನ್: ಪದಕ ಕೊರಳಿಗೆ ಬೀಳಲು 55 ವರ್ಷ ಏಕೆ ಬೇಕಾಯಿತು?

ಪ್ರಶ್ನೆ: ಅಮೆರಿಕದ ಪೌರತ್ವವೇ ಇಲ್ಲದೆ ಯುದ್ಧಕ್ಕೆ ಹೋದ ವಲಸಿಗನೊಬ್ಬನಿಗೆ ಆ ದೇಶದ ಅತ್ಯುನ್ನತ ಶೌರ್ಯಪದಕ ಸಿಕ್ಕಿತಂತೆ, ಅದೂ ಅರ್ಧ ಶತಮಾನ ಕಳೆದ ಮೇಲೆ. ಇದು ನಿಜವೇ? ಪೌರನಲ್ಲದವನನ್ನು ಅಲ್ಲಿ ಸೇನೆಗೆ ಸೇರಿಸಿಕೊಳ್ಳುತ್ತಾರೆಯೇ? ಪದಕಕ್ಕೆ ಅಷ್ಟು ತಡವಾದದ್ದು ಯಾಕೆ? ನನ್ನ ಸೋದರಳಿಯ ಗ್ರೀನ್ ಕಾರ್ಡ್ ಮೇಲೆ ಅಲ್ಲಿದ್ದಾನೆ, ಸೇನೆ ಸೇರುವ ಮಾತಾಡುತ್ತಿದ್ದಾನೆ. ಹಾಗಾಗಿ ಈ ಕುತೂಹಲ.
(ಹಾಸನದ ಓದುಗರೊಬ್ಬರು)

ಉತ್ತರ: ನೀವು ಕೇಳಿದ್ದು ನಿಜ. ಆ ಯೋಧನ ಹೆಸರು ಟಿಬೋರ್ ರೂಬಿನ್. ಹಂಗೇರಿಯಲ್ಲಿ ಹುಟ್ಟಿದ ಯಹೂದಿ. ಕೊರಿಯಾ ಯುದ್ಧದಲ್ಲಿ ಅಮೆರಿಕದ ಸಮವಸ್ತ್ರ ತೊಟ್ಟು ಹೋರಾಡಿದಾಗ ಆತನ ಬಳಿ ಅಮೆರಿಕದ ಪೌರತ್ವ ಇರಲಿಲ್ಲ. ಸಾಹಸ ನಡೆದದ್ದು 1950ರಲ್ಲಿ ಶುರುವಾಗಿ; ‘ಮೆಡಲ್ ಆಫ್ ಆನರ್’ ಕೊರಳಿಗೆ ಬಿದ್ದದ್ದು 2005ರ ಸೆಪ್ಟೆಂಬರ್ 23ರಂದು, ಶ್ವೇತಭವನದಲ್ಲಿ, ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರ ಕೈಯಿಂದ. ಆಗ ಆತನಿಗೆ 76 ವರ್ಷ.

ಈ ಪದಕ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಲ್ಲಿ ಹುಟ್ಟಿದ್ದು. ಈವರೆಗೆ 3,500ಕ್ಕೂ ಹೆಚ್ಚು ಮಂದಿಗೆ ಸಂದಿದೆ. ನಮ್ಮ ಪರಮವೀರ ಚಕ್ರ ಈವರೆಗೆ ಕೇವಲ 21 ಜನರಿಗೆ ಸಂದಿರುವಾಗ ಇದು ಧಾರಾಳವೆನಿಸಬಹುದು. ಆದರೆ ಅದರಲ್ಲಿ ದೊಡ್ಡ ಪಾಲು ಅಂತರ್ಯುದ್ಧದ ಕಾಲದ್ದು, ಆಗ ಕೊಡಲು ಬೇರೆ ಪದಕವೇ ಇರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ನಿಯಮಗಳು ಬಿಗಿಯಾದವು. ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಇನ್ನೊಂದು ಸಂಗತಿ: ಪದಕ ಪಡೆದವರಲ್ಲಿ 700ಕ್ಕೂ ಹೆಚ್ಚು ಮಂದಿ, ಅಂದರೆ ಸುಮಾರು ಐವರಲ್ಲಿ ಒಬ್ಬರು, ಅಮೆರಿಕದ ಹೊರಗೆ ಹುಟ್ಟಿದವರು. ಐರ್ಲೆಂಡಿನವರೇ 250ಕ್ಕೂ ಮಿಕ್ಕಿದ್ದಾರೆ. ಆದ್ದರಿಂದ ವಲಸಿಗನಿಗೆ ಪದಕ ಬಂದದ್ದರಲ್ಲಿ ವಿಶೇಷವೇನೂ ಇಲ್ಲ. ರೂಬಿನ್ ಕತೆಯ ವಿಶೇಷ ಬೇರೆಯೇ ಇದೆ.

1929ರ ಜೂನ್ 18ರಂದು ಹಂಗೇರಿಯ ಪಾಸ್ತೋ ಎಂಬ ಸಣ್ಣ ಪಟ್ಟಣದಲ್ಲಿ ಆತ ಹುಟ್ಟಿದ. ತಂದೆ ಚಪ್ಪಲಿ, ಬೂಟು ಹೊಲಿಯುವ ಕಸುಬಿನವರು. ಮೊದಲ ಮಹಾಯುದ್ಧದಲ್ಲಿ ಹಂಗೇರಿಯ ಪರವಾಗಿ ಹೋರಾಡಿ ರಷ್ಯನ್ನರ ಸೆರೆಯಲ್ಲಿದ್ದು ಬಂದವರು. 1944ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಹಂಗೇರಿಯನ್ನು ಆಕ್ರಮಿಸಿಕೊಂಡಿತು. ಮುಂದಿನ ಕೆಲವೇ ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಹಂಗೇರಿ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಕಳಿಸಲಾಯಿತು, ಹೆಚ್ಚಿನವರನ್ನು ಆಶ್ವಿಟ್ಸ್‌ಗೆ. ಹಿಂದೆ ದೇಶಕ್ಕಾಗಿ ಹೋರಾಡಿದ್ದು ಯಾವ ಯಹೂದಿಯನ್ನೂ ಉಳಿಸಲಿಲ್ಲ, ರೂಬಿನ್‌ನ ತಂದೆಯನ್ನೂ. ತಂದೆ ಬುಖೆನ್‌ವಾಲ್ಡ್‌ನಲ್ಲಿ ಸತ್ತರು. ತಾಯಿ ಮತ್ತು ಪುಟ್ಟ ತಂಗಿ ಆಶ್ವಿಟ್ಸ್‌ನಲ್ಲಿ.

ಹುಡುಗನನ್ನು ಸ್ವಿಟ್ಜರ್ಲೆಂಡಿನ ಕಡೆ ದಾಟಿಸುವ ಪ್ರಯತ್ನ ನಡೆದಿತ್ತು. ದಾರಿಯಲ್ಲೇ ಸಿಕ್ಕಿಬಿದ್ದ ಹದಿನಾಲ್ಕರ ಪೋರ ಆಸ್ಟ್ರಿಯಾದ ಮೌಟ್‌ಹೌಸೆನ್ ಶಿಬಿರ ಸೇರಿದ. ಅಲ್ಲೊಂದು ಗ್ರಾನೈಟ್ ಕ್ವಾರಿ. ಕ್ವಾರಿಯಿಂದ ಮೇಲಕ್ಕೆ 186 ಮೆಟ್ಟಿಲು. ಬೆನ್ನ ಮೇಲೆ ಕಲ್ಲು ಹೊತ್ತು ಅದನ್ನು ಹತ್ತುವಾಗ ಮುಗ್ಗರಿಸಿದವರು ಹಿಂದಿನವರನ್ನೂ ಎಳೆದುಕೊಂಡು ಬೀಳುತ್ತಿದ್ದರು. ಆ ಶಿಬಿರಕ್ಕೂ ಅದರ ಉಪಶಿಬಿರಗಳಿಗೂ ತಳ್ಳಲ್ಪಟ್ಟ ಸುಮಾರು 1.9 ಲಕ್ಷ ಜನರಲ್ಲಿ 90 ಸಾವಿರ ಮಂದಿಯಾದರೂ ಸತ್ತರು. ರೂಬಿನ್ ಹದಿನಾಲ್ಕು ತಿಂಗಳು ಬದುಕಿ ಉಳಿದ. 1945ರ ಮೇ 5ರಂದು ಅಮೆರಿಕದ 11ನೇ ಆರ್ಮರ್ಡ್ ಡಿವಿಷನ್‌ನ ಪಡೆ ಶಿಬಿರದ ಬಾಗಿಲು ತೆರೆಯಿತು. ಹೇನು, ಹುಣ್ಣು, ದುರ್ವಾಸನೆ ತುಂಬಿದ್ದ ಆ ಅಸ್ಥಿಪಂಜರಗಳನ್ನು ಅಮೆರಿಕನ್ ಸೈನಿಕರು ಎತ್ತಿ ಆರೈಕೆ ಮಾಡಿದರು. ಎಂದಾದರೂ ಅಮೆರಿಕಕ್ಕೆ ಹೋದರೆ ಈ ಸೇನೆ ಸೇರಿ ಋಣ ತೀರಿಸುತ್ತೇನೆ ಎಂದು ಹುಡುಗ ಅಂದುಕೊಂಡ. ಮುಂದೆ ಏಕೆ ಸೇನೆ ಸೇರಿದೆ ಎಂದು ಯಾರು ಕೇಳಿದರೂ ಜೀವನಪೂರ್ತಿ ಇದನ್ನೇ ಹೇಳುತ್ತಿದ್ದ.

1948ರಲ್ಲಿ ನ್ಯೂಯಾರ್ಕ್. ಮೊದಲು ಅಪ್ಪನ ಕಸುಬು, ಆಮೇಲೆ ಕಸಾಯಿ ಅಂಗಡಿಯಲ್ಲಿ ದುಡಿಮೆ. 1949ರಲ್ಲಿ ಸೇನೆಯ ಬಾಗಿಲು ತಟ್ಟಿದ. ಇಂಗ್ಲಿಷ್ ಪರೀಕ್ಷೆಯಲ್ಲಿ ನಪಾಸಾದ. ಮರುವರ್ಷ ಮತ್ತೆ ಕೂತ. ಈ ಸಲ ಅಕ್ಕಪಕ್ಕ ಕೂತಿದ್ದ ಇಬ್ಬರ ‘ಸಹಕಾರ’ದಿಂದ ಪಾಸಾದ. ಅಂದರೆ ನಮ್ಮ ವೀರನ ಸೈನಿಕ ಜೀವನ ಆರಂಭವಾದದ್ದೇ ಪರೀಕ್ಷಾ ಕೊಠಡಿಯ ಕಾಪಿಯಿಂದ. ನಾನು ಮೇಷ್ಟ್ರುಗಳ ಕ್ಷಮೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಸಂಗತಿಯನ್ನೂ ಆತನೇ ಒಪ್ಪಿಕೊಂಡಿದ್ದಾನೆ: ಸೇನೆಯ ಕಸಾಯಿ ತರಬೇತಿ ಶಾಲೆಗೆ ಸೇರಿ ಕಸುಬು ಕಲಿಯುವ ಆಸೆಯೂ ಒಳಗಿತ್ತು. ಆದರ್ಶದ ಜೊತೆ ಹೊಟ್ಟೆಪಾಡೂ ಇರುವುದು ಸಹಜವೇ.

ನಿಮ್ಮ ಎರಡನೆಯ ಪ್ರಶ್ನೆಗೆ ಇಲ್ಲೇ ಉತ್ತರ ಸಿಗುತ್ತದೆ. ಅಮೆರಿಕದಲ್ಲಿ ಕಾಯಂ ನೆಲೆಸಲು ಅನುಮತಿ ಪಡೆದವರು ಆಗಲೂ ಸೈನಿಕರಾಗಬಹುದಿತ್ತು, ಈಗಲೂ ಆಗಬಹುದು. ಅಧಿಕಾರಿ ಹುದ್ದೆಗೆ ಮಾತ್ರ ಪೌರತ್ವ ಬೇಕು. ರೂಬಿನ್ ಸೇರಿದ್ದು ಒಂದನೇ ಕ್ಯಾವಲ್ರಿ ಡಿವಿಷನ್ನಿನ ಎಂಟನೇ ಕ್ಯಾವಲ್ರಿ ರೆಜಿಮೆಂಟಿನ ‘ಐ’ ಕಂಪನಿಗೆ. ಹೆಸರಿಗೆ ಅಶ್ವದಳ, ಕುದುರೆಗಳು ಆ ಹೊತ್ತಿಗೆ ಇರಲಿಲ್ಲ. 1950ರ ಜೂನ್‌ನಲ್ಲಿ ಉತ್ತರ ಕೊರಿಯಾ ದಕ್ಷಿಣದ ಮೇಲೆ ನುಗ್ಗಿದಾಗ, ಪೌರನಲ್ಲದ ನೀನು ಯುದ್ಧಕ್ಕೆ ಬರಬೇಕಾಗಿಲ್ಲ, ಬೇರೆ ಕಡೆ ಹಾಕಿಸುತ್ತೇನೆ ಎಂದು ಕಂಪನಿ ಕಮಾಂಡರ್ ಹೇಳಿದ್ದುಂಟು. ಜೊತೆಯವರನ್ನು ಬಿಟ್ಟು ಹೋಗಲಾರೆ ಎಂದು ರೂಬಿನ್ ಹಡಗು ಹತ್ತಿದ.

ಕೊರಿಯಾದಲ್ಲಿ ಆ ಬೇಸಗೆ ಅಮೆರಿಕನ್ನರ ಪಾಲಿಗೆ ಹಿಮ್ಮೆಟ್ಟುವಿಕೆಯ ಕಾಲ. ಪಡೆಗಳು ಪುಸಾನ್ ಬಂದರಿನ ಸುತ್ತಲಿನ ಸಣ್ಣ ಪ್ರದೇಶಕ್ಕೆ ಸರಿಯುತ್ತಿದ್ದವು. ತೇಗು-ಪುಸಾನ್ ರಸ್ತೆಯ ಕೊಂಡಿ ಕಳಚದಂತೆ ನೋಡಿಕೊಳ್ಳಬೇಕಿತ್ತು. ಕಂಪನಿ ಹಿಂದೆ ಸರಿಯುವಾಗ ಒಂದು ಗುಡ್ಡವನ್ನು ಕಾಯಲು ರೂಬಿನ್‌ನನ್ನು ಒಬ್ಬನನ್ನೇ ಬಿಟ್ಟುಹೋದರು. ಆತ ಗುಡ್ಡದ ಮೇಲಿದ್ದ ಕಂದಕಗಳಲ್ಲೆಲ್ಲ ಕೈಬಾಂಬುಗಳನ್ನು ಹಂಚಿಟ್ಟ. ಉತ್ತರ ಕೊರಿಯನ್ನರು ಮೇಲೇರಿ ಬಂದಾಗ ಒಂದು ಗುಂಡಿಯಿಂದ ಇನ್ನೊಂದಕ್ಕೆ ಓಡುತ್ತಾ ಎಸೆದ, ಗುಂಡು ಹಾರಿಸಿದ. ಒಬ್ಬನಲ್ಲ, ಒಂದು ದಳವೇ ಇದೆ ಎಂದು ಕೆಳಗಿನವರು ತಿಳಿಯಬೇಕಿತ್ತು. ಇಪ್ಪತ್ನಾಲ್ಕು ಗಂಟೆ ಆ ಗುಡ್ಡ ಕೈತಪ್ಪಲಿಲ್ಲ. ಅಷ್ಟರಲ್ಲಿ ರೆಜಿಮೆಂಟ್ ಸುರಕ್ಷಿತವಾಗಿ ಹಿಂದೆ ಸರಿದಿತ್ತು. ಕೆಲವು ವಾರಗಳ ನಂತರ ಅಮೆರಿಕನ್ನರು ಮುನ್ನುಗ್ಗುವ ಸರದಿ ಬಂದಾಗ ನೂರಾರು ಉತ್ತರ ಕೊರಿಯನ್ ಸೈನಿಕರನ್ನು ಸೆರೆಹಿಡಿಯುವುದರಲ್ಲೂ ಆತನ ಕೈಯಿತ್ತು.

ಇನ್ನು, ತಡವಾದದ್ದು ಯಾಕೆ ಎಂಬ ಮುಖ್ಯ ಪ್ರಶ್ನೆ. ಅದರ ಮೂಲವೂ ಈ ಗುಡ್ಡದ ಆಸುಪಾಸಿನಲ್ಲೇ ಇದೆ.

ಪದಕ ತಾನಾಗಿ ಬರುವುದಿಲ್ಲ. ಯಾರೋ ನೋಡಬೇಕು, ಯಾರೋ ಬರೆಯಬೇಕು, ಸಾಕ್ಷಿಗಳ ಹೇಳಿಕೆ ಲಗತ್ತಿಸಬೇಕು, ಕಡತ ಮೇಲಕ್ಕೆ ಹೋಗಬೇಕು. ರೂಬಿನ್ ಹೆಸರನ್ನು ಆತನ ಮೇಲಧಿಕಾರಿಗಳು ಒಂದಲ್ಲ, ನಾಲ್ಕು ಬಾರಿ ಸೂಚಿಸಿದ್ದರು. ಕಾಗದಪತ್ರ ಸಿದ್ಧಪಡಿಸು ಎಂದು ಕಂಪನಿಯ ಸಾರ್ಜೆಂಟನಿಗೆ ಹೇಳಿದ್ದರು. ಹೇಳಿದ ಅಧಿಕಾರಿಗಳು ಯುದ್ಧದಲ್ಲಿ ಸತ್ತರು. ಸಾರ್ಜೆಂಟ್ ಕಾಗದ ಬರೆಯಲೇ ಇಲ್ಲ. ಆತನಿಗೆ ಯಹೂದಿಗಳೆಂದರೆ ಆಗುತ್ತಿರಲಿಲ್ಲ. ಅಪಾಯದ ಕೆಲಸಗಳಿಗೆ ಮತ್ತೆ ಮತ್ತೆ ರೂಬಿನ್‌ನನ್ನೇ ಅಟ್ಟುತ್ತಿದ್ದ. ಯಹೂದಿಯ ಹೆಸರಿರುವ ಇಂಥ ಕಾಗದಕ್ಕೆ ಆತ ಎಂದೂ ಕೈಹಾಕುತ್ತಿರಲಿಲ್ಲ ಎಂದು ಕಂಪನಿಯ ಹಲವರು ಮುಂದೆ ಪ್ರಮಾಣ ಮಾಡಿ ಹೇಳಿದರು. ಗುಡ್ಡದ ಮೇಲೆ ಒಬ್ಬನನ್ನೇ ಬಿಟ್ಟದ್ದರ ಹಿನ್ನೆಲೆಯೂ ಅದೇ ಎಂದು ಅವರು ನಂಬಿದ್ದರು. ಇಲ್ಲೊಂದು ವಿಪರ್ಯಾಸವಿದೆ. ಆ ದ್ವೇಷವೇ ರೂಬಿನ್‌ಗೆ ಪದಕಕ್ಕೆ ಅರ್ಹವಾದ ಅವಕಾಶಗಳನ್ನು ಒದಗಿಸಿತು, ಆ ದ್ವೇಷವೇ ಪದಕವನ್ನು ತಡೆಯಿತು.

ದ್ವೇಷಿಸಿದವನು ಸಾರ್ಜೆಂಟ್ ಒಬ್ಬನೇ, ಆದರೆ 55 ವರ್ಷದ ಹೊಣೆಯನ್ನೆಲ್ಲ ಆತನ ತಲೆಗೆ ಕಟ್ಟುವುದು ಸುಲಭದ ದಾರಿ ಎನ್ನುವುದು ನನ್ನ ಅಭಿಪ್ರಾಯ. ಒಬ್ಬ ಗುಮಾಸ್ತಗಿರಿಯವನು ಕಾಗದ ಬರೆಯದಿದ್ದರೆ ಇಡೀ ವ್ಯವಸ್ಥೆಗೆ ಗೊತ್ತೇ ಆಗದಂಥ ಏರ್ಪಾಟು ಅದು. ಗೊತ್ತಾದ ಮೇಲೂ ನಿಯಮ ಅಡ್ಡ ಬಂತು. ಆ ಕತೆಗೆ ಮುಂದೆ ಬರುತ್ತೇನೆ. ಅದಕ್ಕೂ ಮೊದಲು ಸೆರೆಶಿಬಿರದ ಕತೆ ಹೇಳಬೇಕು. ಗುಡ್ಡಕ್ಕಿಂತ ಅದೇ ದೊಡ್ಡದು.

1950ರ ಅಕ್ಟೋಬರ್ ಕೊನೆಯ ಹೊತ್ತಿಗೆ ಎಂಟನೇ ಕ್ಯಾವಲ್ರಿ ಉತ್ತರ ಕೊರಿಯಾದ ಉನ್ಸಾನ್ ಬಳಿ ಇತ್ತು. ಕ್ರಿಸ್‌ಮಸ್ ಹೊತ್ತಿಗೆ ಮನೆಗೆ ಎಂಬ ಮಾತು ಹರಿದಾಡುತ್ತಿತ್ತು. ಚೀನಾ ಯುದ್ಧಕ್ಕಿಳಿದಿದೆ ಎಂಬುದನ್ನು ಮೇಲಿನವರು ನಂಬಲು ಸಿದ್ಧರಿರಲಿಲ್ಲ. ರಾತ್ರಿಯಲ್ಲಿ ಚೀನೀ ಪಡೆಗಳು ಮುಗಿಬಿದ್ದವು. ರೂಬಿನ್‌ನ ತುಕಡಿಯಲ್ಲಿ ಉಳಿದಿದ್ದದ್ದು ಒಂದು ಮೆಷಿನ್‌ಗನ್. ಅದರ ಹಿಂದೆ ಕೂತ ಮೂವರು ಒಬ್ಬರಾದ ಮೇಲೆ ಒಬ್ಬರು ಗುಂಡಿಗೆ ಬಲಿಯಾದರು, ಇಲ್ಲವೇ ಗಾಯಗೊಂಡರು. ನಾಲ್ಕನೆಯವನಾಗಿ ರೂಬಿನ್ ಹೋಗಿ ಕೂತ. ಗುಂಡು ಮುಗಿಯುವ ತನಕ ಹಾರಿಸಿದ. ಆತನ ಗುಂಡಿನ ಮರೆಯಲ್ಲಿ ಉಳಿದವರು ದಕ್ಷಿಣಕ್ಕೆ ಸರಿದರು. ತೀವ್ರವಾಗಿ ಗಾಯಗೊಂಡ ಆತ ಚೀನೀಯರ ಕೈಗೆ ಸಿಕ್ಕ.

ಯಾಲು ನದಿಯ ದಂಡೆಯ ಪ್ಯೋಕ್‌ಟೋಂಗ್ ಎಂಬಲ್ಲಿ ಐದನೇ ನಂಬರಿನ ಶಿಬಿರ. 1950-51ರ ಚಳಿಗಾಲ. ಮೈನಸ್ ಮೂವತ್ತರ ಆಸುಪಾಸಿನ ಚಳಿಗೆ ಬೇಸಗೆಯ ಸಮವಸ್ತ್ರ. ತಿನ್ನಲು ಒಡೆದ ಮುಸುಕಿನ ಜೋಳ, ಒಂದಿಷ್ಟು ಕಿರುಧಾನ್ಯ, ಅದೂ ಅರೆಬೆಂದದ್ದು. ಭೇದಿ, ನ್ಯುಮೋನಿಯಾ, ಬೆರಿಬೆರಿ. ಇವೆಲ್ಲಕ್ಕಿಂತ ಹೆಚ್ಚಾಗಿ ಹುಡುಗರನ್ನು ಕೊಂದದ್ದು ಇನ್ನೊಂದು ಕಾಯಿಲೆ. ಹದಿನೆಂಟು-ಇಪ್ಪತ್ತರ ಆಳು ಒಂದು ದಿನ ಊಟ ಬೇಡ ಎನ್ನುತ್ತಾನೆ, ಕಂಬಳಿ ತಲೆವರೆಗೆ ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡುತ್ತಾನೆ, ಎರಡು ದಿನದಲ್ಲಿ ಹೆಣವಾಗುತ್ತಾನೆ. ಕೈದಿಗಳು ಇದನ್ನು ‘ಗಿವ್-ಅಪ್-ಐಟಿಸ್’ ಎನ್ನುತ್ತಿದ್ದರು. ಕೊರಿಯಾದಲ್ಲಿ ಸೆರೆ ಸಿಕ್ಕ ಸುಮಾರು ಏಳು ಸಾವಿರ ಅಮೆರಿಕನ್ನರಲ್ಲಿ ಶೇಕಡಾ 38ರಷ್ಟು ಮಂದಿ ಸೆರೆಯಲ್ಲೇ ಸತ್ತರು, ಅವರಲ್ಲಿ ಬಹುಪಾಲು ಆ ಮೊದಲ ಚಳಿಗಾಲದಲ್ಲಿ.

ರೂಬಿನ್‌ಗೆ ಈ ಪಾಠಗಳೆಲ್ಲ ಮೊದಲೇ ಆಗಿದ್ದವು. ಮೌಟ್‌ಹೌಸೆನ್‌ಗೆ ಹೋಲಿಸಿದರೆ ಇದು ಸಲೀಸು ಎಂದು ಆತ ಮುಂದೆ ಹೇಳಿದ್ದುಂಟು. ಜೊತೆಯವರಿಗೆ ಹಾಗಿರಲಿಲ್ಲ, ಅವರು ಆರು ತಿಂಗಳ ಹಿಂದಷ್ಟೇ ಜಪಾನಿನ ಬ್ಯಾರಕ್ಕುಗಳಲ್ಲಿ ಹೊಟ್ಟೆತುಂಬ ಉಂಡು ಮಲಗುತ್ತಿದ್ದವರು. ಕತ್ತಲಾದ ಮೇಲೆ ಆತ ಪ್ಯಾಂಟಿನ ಕಾಲುಗಳ ತುದಿ ಬಿಗಿದು ಕಟ್ಟಿ ಹೊರಗೆ ತೆವಳುತ್ತಿದ್ದ. ಕಾವಲುಗಾರರ ಕಣ್ಣು ತಪ್ಪಿಸಿ ಉಗ್ರಾಣಕ್ಕೋ, ತೋಟಕ್ಕೋ ನುಗ್ಗಿ ಸಿಕ್ಕಿದ್ದನ್ನು ಪ್ಯಾಂಟಿನೊಳಗೆ ತುಂಬಿಕೊಂಡು ಬರುತ್ತಿದ್ದ. ಸಿಕ್ಕಿಬಿದ್ದರೆ ಚಿತ್ರಹಿಂಸೆ ಅಥವಾ ಸಾವು. ತಂದದ್ದನ್ನು ತಾನೊಬ್ಬನೇ ತಿಂದಿದ್ದರೆ ಯಾರೂ ದೂರುತ್ತಿರಲಿಲ್ಲ. ಆತ ಹಂಚಿದ. ಭೇದಿಯಿಂದ ಏಳಲಾಗದವರನ್ನು ಹೊತ್ತು ಹೊರಗೆ ಕರೆದೊಯ್ದ, ತೊಳೆದ, ಒಬ್ಬೊಬ್ಬರ ಮೈಯ ಹೇನು ಹೆಕ್ಕಿದ. ಕೊಳೆತ ಗಾಯಕ್ಕೆ ಔಷಧವಿಲ್ಲದಾಗ ಕಕ್ಕಸಿನಿಂದ ನೊಣದ ಹುಳುಗಳನ್ನು ತಂದು ಗಾಯದ ಮೇಲೆ ಬಿಟ್ಟ. ಸತ್ತ ಮಾಂಸವನ್ನಷ್ಟೇ ತಿಂದ ಹುಳುಗಳನ್ನು ಆಮೇಲೆ ತೆಗೆದು ಹಾಕಿದ. ಬಾಚಣಿಗೆಗೂ ಗತಿಯಿಲ್ಲದ ಜಾಗದಲ್ಲಿ ಇದು ಶಸ್ತ್ರಚಿಕಿತ್ಸೆ. ಅದನ್ನು ಕಲಿತದ್ದು ಮೌಟ್‌ಹೌಸೆನ್‌ನಲ್ಲಿ.

ಸಾಯಲು ತಯಾರಾಗಿ ಮಲಗಿದವನೊಬ್ಬನಿಗೆ ಆಡಿನ ಹಿಕ್ಕೆಗಳನ್ನು ಮಾತ್ರೆ ಎಂದು ಕೊಟ್ಟು ನುಂಗಿಸಿದ ಪ್ರಸಂಗವನ್ನು ಬದುಕಿ ಬಂದವರು ಹೇಳುತ್ತಿದ್ದರು. ನುಂಗಿದವನು ಚೇತರಿಸಿಕೊಂಡ. ಹಿಕ್ಕೆಯಲ್ಲಿ ಔಷಧೀಯ ಗುಣ ಹುಡುಕಲು ಹೋಗಬೇಡಿ. ತನಗೊಂದು ಮದ್ದು ಸಿಕ್ಕಿತು, ತನ್ನನ್ನು ಬದುಕಿಸಲು ಒಬ್ಬ ಹೆಣಗುತ್ತಿದ್ದಾನೆ ಎಂದು ಆ ಆಳು ನಂಬಿದ, ಅಷ್ಟೇ ಅಲ್ಲಿ ನಡೆದದ್ದು. ಹೀಗೆ ರೂಬಿನ್‌ನಿಂದಾಗಿ ಉಳಿದ ಜೀವಗಳು ಸುಮಾರು 40 ಎಂದು ಪದಕದ ಪ್ರಶಸ್ತಿಪತ್ರವೇ ದಾಖಲಿಸಿದೆ. ಸಾಮಾನ್ಯವಾಗಿ ಇಂಥ ಪತ್ರಗಳು ಒಂದು ದಿನದ, ಕೆಲವೊಮ್ಮೆ ಒಂದೇ ಗಂಟೆಯ ಸಾಹಸವನ್ನು ಹೇಳುತ್ತವೆ. ರೂಬಿನ್‌ನ ಪತ್ರ 1950ರ ಜುಲೈ 23ರಿಂದ 1953ರ ಏಪ್ರಿಲ್ 20ರವರೆಗಿನ ಅವಧಿಯನ್ನು ಹೇಳುತ್ತದೆ. ಮೂರು ವರ್ಷಕ್ಕೆ ಮೂರು ತಿಂಗಳು ಕಮ್ಮಿ.

ಅದೇ ಶಿಬಿರದಲ್ಲಿ ಇನ್ನೊಬ್ಬ ಕಳ್ಳನಿದ್ದ. ಅದೇ ಎಂಟನೇ ಕ್ಯಾವಲ್ರಿಯ ಪಾದ್ರಿ, ಕ್ಯಾನ್ಸಸ್ ರಾಜ್ಯದ ಎಮಿಲ್ ಕಪಾನ್. ಅವರೂ ಉನ್ಸಾನ್‌ನಲ್ಲೇ ಸೆರೆಯಾದವರು. ಯೇಸುವಿನ ಪಕ್ಕ ಶಿಲುಬೆಗೇರಿದ ಒಳ್ಳೆಯ ಕಳ್ಳ ಸಂತ ಡಿಸ್ಮಾಸ್‌ನನ್ನು ನೆನೆದು ಅವರು ಉಗ್ರಾಣಕ್ಕೆ ನುಗ್ಗುತ್ತಿದ್ದರು. ತಂದದ್ದನ್ನು ಸೈನಿಕರಿಗೆ ಹಂಚುತ್ತಿದ್ದರು. 1951ರ ಮೇ 23ರಂದು ಅದೇ ಶಿಬಿರದಲ್ಲಿ ತೀರಿಕೊಂಡರು. ಅವರಿಗೆ ಇದೇ ಪದಕ ಸಂದದ್ದು 2013ರಲ್ಲಿ. ಒಂದೇ ರೆಜಿಮೆಂಟಿನ ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಯಹೂದಿ ಕಸಾಯಿಗ. ಇಬ್ಬರೂ ಅನ್ನ ಕದ್ದು ಜೀವ ಉಳಿಸಿದವರು, ಇಬ್ಬರಿಗೂ ಪದಕ ಅರ್ಧ ಶತಮಾನ ದಾಟಿ ಬಂದದ್ದು. ಕಪಾನ್ ಅವರನ್ನು ಯಾರೂ ದ್ವೇಷಿಸುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಸೆರೆಮನೆಯಲ್ಲಿ ತೋರಿದ ಧೈರ್ಯವನ್ನು ರಣರಂಗದ ಧೈರ್ಯದ ಸಮಕ್ಕೆ ಇಟ್ಟು ನೋಡಲು ಸೇನೆಗಳು ತುಂಬ ಕಾಲ ಸಿದ್ಧವಿರಲಿಲ್ಲ ಎಂಬುದೂ ಈ ತಡದ ಒಂದು ಕಾರಣ ಎಂದು ನನಗನಿಸುತ್ತದೆ.

ಚೀನೀಯರಿಗೆ ರೂಬಿನ್ ಹಂಗೇರಿಯವನೆಂದು ತಿಳಿದಿತ್ತು. ಹಂಗೇರಿ ಆಗ ಕಮ್ಯುನಿಸ್ಟ್ ಪಾಳೆಯದಲ್ಲಿತ್ತು. ನೀನು ಅಮೆರಿಕದ ಪೌರನೂ ಅಲ್ಲ, ಹುಟ್ಟಿದೂರಿಗೆ ಕಳಿಸುತ್ತೇವೆ ಎಂದು ಆಸೆ ತೋರಿಸಿದರು, ಮತ್ತೆ ಮತ್ತೆ. ಆತ ಒಪ್ಪಲಿಲ್ಲ. 1953ರ ಏಪ್ರಿಲ್‌ನಲ್ಲಿ ರೋಗಿಗಳು ಮತ್ತು ಗಾಯಾಳುಗಳನ್ನು ಅದಲುಬದಲು ಮಾಡಿಕೊಂಡ ‘ಲಿಟ್ಲ್ ಸ್ವಿಚ್’ ವಿನಿಮಯದಲ್ಲಿ ಬಿಡುಗಡೆಯಾದ, ಸೆರೆಯಾಗಿ ಮೂವತ್ತು ತಿಂಗಳ ಮೇಲೆ.

ಕೈದಿಯೊಬ್ಬನ ಮನೆ ಯಾವುದು, ಆತ ಹುಟ್ಟಿದ ನಾಡೋ ಆತ ಬಯಸಿದ ನಾಡೋ ಎಂಬ ಈ ಪ್ರಶ್ನೆಯೇ ಕೊರಿಯಾದ ಕದನವಿರಾಮವನ್ನು ಒಂದೂವರೆ ವರ್ಷ ಎಳೆದಾಡಿದ್ದು. ಕೊನೆಗೆ ಅದು ಒಬ್ಬ ಕೊಡವರ ಮಡಿಲಿಗೆ ಬಿತ್ತು. ತಮ್ಮ ದೇಶಕ್ಕೆ ಮರಳಲು ಒಪ್ಪದ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯನ್ ಕೈದಿಗಳನ್ನೂ, ಇನ್ನೊಂದು ಕಡೆಯ ಕೆಲವು ನೂರು ಮಂದಿಯನ್ನೂ ವಿಚಾರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಮಡಿಕೇರಿಯ ಕೆ. ಎಸ್. ತಿಮ್ಮಯ್ಯ ಅಧ್ಯಕ್ಷರಾಗಿದ್ದರು. ಕೈದಿಗಳನ್ನು ಕಾಯಲು ಜನರಲ್ ಎಸ್. ಪಿ. ಪಿ. ಥೋರಾಟ್ ಅವರ ಕೈಕೆಳಗೆ ಭಾರತದ ಪಡೆಯೂ ಹೋಗಿತ್ತು. ಅಲ್ಲಿ 21 ಅಮೆರಿಕನ್ ಸೈನಿಕರು ತಮ್ಮ ದೇಶಕ್ಕೆ ಹೋಗಲು ನಿರಾಕರಿಸಿ ಕಮ್ಯುನಿಸ್ಟರ ಕಡೆ ಉಳಿದರು. ಅಮೆರಿಕದಲ್ಲೇ ಹುಟ್ಟಿದ ಅವರು ಬೇಡವೆಂದ ದೇಶವನ್ನು, ಪೌರತ್ವವೇ ಇಲ್ಲದ ರೂಬಿನ್ ಹಸಿವಿನ ನಡುವೆಯೂ ಬಿಡಲಿಲ್ಲ. ತಿಮ್ಮಯ್ಯನವರು ಕೊರಿಯಾಕ್ಕೆ ಹೋಗುವ ಮೊದಲೇ ಆತ ಅಮೆರಿಕ ಸೇರಿದ್ದ, ಇಬ್ಬರೂ ಭೇಟಿಯಾದವರಲ್ಲ.

1953ರಲ್ಲೇ ರೂಬಿನ್‌ಗೆ ಪೌರತ್ವ ಸಿಕ್ಕಿತು. ಬದುಕಿನ ಅತಿ ಸಂತೋಷದ ದಿನಗಳಲ್ಲಿ ಅದೊಂದು ಎಂದು ಆತ ಹೇಳುತ್ತಿದ್ದ. ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಎರಡು ಸಂದಿದ್ದವು, ಅಷ್ಟೇ. ಕ್ಯಾಲಿಫೋರ್ನಿಯಾಕ್ಕೆ ಹೋಗಿ ಲಾಂಗ್ ಬೀಚ್‌ನಲ್ಲಿ ಸೋದರನ ಮದ್ಯದಂಗಡಿಯಲ್ಲಿ ಕೆಲಸಕ್ಕೆ ನಿಂತ. ಹಾಲೆಂಡಿನಿಂದ ಬಂದಿದ್ದ, ತನ್ನಂತೆಯೇ ನಾತ್ಸಿಗಳ ಕಾಲವನ್ನು ದಾಟಿ ಉಳಿದಿದ್ದ ಯುವತಿಯನ್ನು ಮದುವೆಯಾದ. ಇಬ್ಬರು ಮಕ್ಕಳಾದರು. ಶಿಬಿರದ ಜೊತೆಗಾರರಲ್ಲಿ ಕೆಲವರು ಆತ ಸತ್ತೇ ಹೋಗಿದ್ದಾನೆಂದು ತಿಳಿದಿದ್ದರು. 1980ರ ದಶಕದಲ್ಲಿ ಮಾಜಿ ಯೋಧರ ಸಮ್ಮಿಲನಗಳಲ್ಲಿ ಮತ್ತೆ ಕಲೆತಾಗ ಅವರು ಕೇಳಿದ್ದು ಒಂದೇ: ನಿನ್ನ ಪದಕ ಎಲ್ಲಿ? ಆಗ ಗೊತ್ತಾಯಿತು, ಕಾಗದ ಹೋಗಿಯೇ ಇರಲಿಲ್ಲವೆಂದು.

ಅವರು ಅರ್ಜಿ ಬರೆದರು, ಪ್ರಮಾಣಪತ್ರ ಕೊಟ್ಟರು. 1988ರಲ್ಲಿ ಸೆನೆಟರ್ ಜಾನ್ ಮೆಕೇನ್, ಅವರೂ ವಿಯೆಟ್ನಾಮಿನಲ್ಲಿ ಐದೂವರೆ ವರ್ಷ ಸೆರೆಯಲ್ಲಿದ್ದವರು, ಸಂಸತ್ತಿನಲ್ಲಿ ಮಸೂದೆ ಮಂಡಿಸಿದರು. ಪದಕದ ಶಿಫಾರಸು ಕೆಲವೇ ವರ್ಷಗಳೊಳಗೆ ಬರಬೇಕೆಂಬ ನಿಯಮ ಅಡ್ಡ ನಿಂತಿತು; ಅವಧಿ ಮೀರಿದರೆ ಸಂಸತ್ತಿನ ಕಾನೂನೇ ಬೇಕು. ವರ್ಷಗಳು ಉರುಳಿದವು. ನಡುವೆ ಬೇರೆ ಅನ್ಯಾಯಗಳೂ ಬಯಲಿಗೆ ಬಂದಿದ್ದವು. ಎರಡನೇ ಮಹಾಯುದ್ಧದ ಒಬ್ಬ ಕಪ್ಪು ಸೈನಿಕನಿಗೂ ಆ ಕಾಲದಲ್ಲಿ ಈ ಪದಕ ಕೊಟ್ಟಿರಲಿಲ್ಲವೆಂದು ಪರಿಶೀಲಿಸಿ 1997ರಲ್ಲಿ ಏಳು ಮಂದಿಗೆ ಕೊಟ್ಟರು, ಬದುಕಿದ್ದವರು ಒಬ್ಬರೇ. 2000ದಲ್ಲಿ 22 ಏಷ್ಯಾ ಮೂಲದವರಿಗೆ. ಯಹೂದಿ ಯೋಧರ ಕಡತಗಳ ಮರುಪರಿಶೀಲನೆಗೆ ದಾರಿಯಾದದ್ದು ಕೊರಿಯಾದಲ್ಲೇ 1951ರಲ್ಲಿ ಮಡಿದ ಲೆನರ್ಡ್ ಕ್ರಾವಿಟ್ಸ್ ಎಂಬ ಸೈನಿಕನಿಗಾಗಿ ಆತನ ಬಾಲ್ಯದ ಗೆಳೆಯ ದಶಕಗಳ ಕಾಲ ನಡೆಸಿದ ಹೋರಾಟ. ಆ ಪರಿಶೀಲನೆಯನ್ನು 2002ನೇ ಸಾಲಿನ ರಕ್ಷಣಾ ಕಾಯಿದೆಯಲ್ಲಿ ಸೇರಿಸಲಾಯಿತು. ರೂಬಿನ್ ಕಡತ ಅದರಲ್ಲಿ ಮೇಲೆ ಬಂತು. ಕ್ರಾವಿಟ್ಸ್‌ನ ಸರದಿ ಬರಲು 2014 ಆಗಬೇಕಾಯಿತು.

ವಲಸಿಗ ಸೈನಿಕನಿಗೆ ದೇಶ ಕೈಕೊಟ್ಟ ಇನ್ನೂ ಕಹಿಯಾದ ಉದಾಹರಣೆ ನಮ್ಮವರದ್ದೇ ಇದೆ. ಪಂಜಾಬಿನ ಭಗತ್ ಸಿಂಗ್ ಥಿಂಡ್ 1918ರಲ್ಲಿ ಪೇಟ ಧರಿಸಿಯೇ ಅಮೆರಿಕದ ಸೇನೆಯಲ್ಲಿದ್ದವರು. ಸೇವೆಗಾಗಿ ಕೊಟ್ಟ ಪೌರತ್ವವನ್ನು ಕೆಲವೇ ದಿನಗಳಲ್ಲಿ ಕಿತ್ತುಕೊಂಡರು. ಮತ್ತೆ ಕೊಟ್ಟದ್ದನ್ನು 1923ರಲ್ಲಿ ಸುಪ್ರೀಂ ಕೋರ್ಟ್, ಭಾರತೀಯ ‘ಬಿಳಿಯ’ನಲ್ಲ ಎಂಬ ಕಾರಣಕ್ಕೆ, ತಪ್ಪಿಸಿತು. ಆ ತೀರ್ಪಿನಿಂದ ಇತರ ಭಾರತೀಯರೂ ಪೌರತ್ವ ಕಳೆದುಕೊಂಡರು. ಮೊದಲ ಮಹಾಯುದ್ಧದ ಯೋಧರಿಗಾಗಿ 1935ರಲ್ಲಿ ಬೇರೆಯೇ ಕಾನೂನು ಬಂದ ಮೇಲಷ್ಟೇ ಥಿಂಡ್ ಪೌರರಾದರು.

ರೂಬಿನ್ 2015ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ಗಾರ್ಡನ್ ಗ್ರೋವ್‌ನಲ್ಲಿ ತೀರಿಕೊಂಡ. ಮದ್ಯದಂಗಡಿಯ ಹಿಂದೆ ನಿಂತಾಗ ಯಾರೂ ಗುರುತಿಸದವನನ್ನು ಪದಕ ಬಂದ ಮೇಲೆ ಜನರಲ್‌ಗಳು ‘ಸರ್’ ಎನ್ನತೊಡಗಿದ್ದು ಆತನಿಗೆ ತಮಾಷೆಯಾಗಿ ಕಾಣುತ್ತಿತ್ತಂತೆ. ಮೆಡಲ್ ಆಫ್ ಆನರ್ ಧರಿಸಿದವನಿಗೆ ಎಷ್ಟೇ ದೊಡ್ಡ ಅಧಿಕಾರಿಯಾದರೂ ತಾನೇ ಮೊದಲು ಸೆಲ್ಯೂಟ್ ಮಾಡುವುದು ಅಲ್ಲಿನ ಸಂಪ್ರದಾಯ. ಲಾಂಗ್ ಬೀಚ್‌ನ ಮಾಜಿ ಯೋಧರ ದೊಡ್ಡ ಆಸ್ಪತ್ರೆಗೆ 2017ರಲ್ಲಿ ಆತನ ಹೆಸರಿಟ್ಟರು.

ಇನ್ನು ನಿಮ್ಮ ಸೋದರಳಿಯನ ವಿಚಾರ. ಗ್ರೀನ್ ಕಾರ್ಡ್ ಇದ್ದರೆ ಆತ ಸೈನಿಕನಾಗಿ ಸೇರಬಹುದು. ಸೇರಲಿ ಬಿಡಲಿ, ಅಲ್ಲಿ ನೆಲೆಸಿದ 18ರಿಂದ 25ರ ವಯಸ್ಸಿನ ಗಂಡಸರು, ವಲಸಿಗರೂ ಸೇರಿ, ‘ಸೆಲೆಕ್ಟಿವ್ ಸರ್ವಿಸ್’ ಪಟ್ಟಿಯಲ್ಲಿ ಇರಬೇಕು. ಕಡ್ಡಾಯ ಸೇನಾಭರ್ತಿ 1973ರಲ್ಲೇ ನಿಂತಿದ್ದರೂ ಈ ಪಟ್ಟಿ ಇದೆ. ಯುದ್ಧಕಾಲವೆಂದು ಘೋಷಿಸಿದ ಅವಧಿಯಲ್ಲಿ ಗೌರವದಿಂದ ಸೇವೆ ಸಲ್ಲಿಸಿದವರಿಗೆ ಪೌರತ್ವಕ್ಕೆ ಐದು ವರ್ಷ ಕಾಯುವ ಕಟ್ಟುಪಾಡಿಲ್ಲ, ಶುಲ್ಕವೂ ಇಲ್ಲ; 2001ರ ಸೆಪ್ಟೆಂಬರ್ 11ರಿಂದ ಈಚಿನ ಕಾಲವನ್ನು ಹಾಗೆಂದೇ ಪರಿಗಣಿಸುತ್ತಾ ಬಂದಿದ್ದಾರೆ. ಆದರೆ ಸಮವಸ್ತ್ರ ತೊಟ್ಟ ಮಾತ್ರಕ್ಕೆ ಪೌರತ್ವ ತಾನಾಗಿ ಬರುವುದಿಲ್ಲ. ಬಂದೇ ಬಿಟ್ಟಿತೆಂದು ತಿಳಿದು ಅರ್ಜಿ ಹಾಕದೆ, ಮುಂದೆ ಯಾವುದೋ ಅಪರಾಧದಲ್ಲಿ ಸಿಕ್ಕಿ ಗಡೀಪಾರಾದ ಮಾಜಿ ಸೈನಿಕರು ಅಲ್ಲಿದ್ದಾರೆ. ಅಮೆರಿಕದ ಪೌರನಾದ ಕ್ಷಣ ಭಾರತದ ಪೌರತ್ವ ಹೋಗುತ್ತದೆ ಎಂಬುದನ್ನೂ ನೆನಪಿಟ್ಟು ನಿರ್ಧರಿಸಲಿ. ನಿಯಮಗಳು ಸರ್ಕಾರದಿಂದ ಸರ್ಕಾರಕ್ಕೆ ಬದಲಾಗುತ್ತವೆ, ಆದ್ದರಿಂದ ಭರ್ತಿ ಕಚೇರಿಯವರ ಬಾಯಿಮಾತನ್ನು ನಂಬದೆ ಎಲ್ಲವನ್ನೂ ಲಿಖಿತವಾಗಿ ಕೇಳಿ ಪಡೆಯಲಿ, ಪ್ರತಿಗಳನ್ನು ತನ್ನ ಬಳಿಯೇ ಇಟ್ಟುಕೊಳ್ಳಲಿ.